ಹದ್ದಿಗೂ ಫ್ಯಾನಿಗೂ ಬೇಕಾಗಿರುವುದು ಒಂದೇ ಗುಡ್ಡ

ರಾತ್ರಿ ಹನ್ನೊಂದರ ಮೇಲೆ ತುಮಕೂರು ರಸ್ತೆಯಲ್ಲಿ ಓಡಾಡುವವರು ಇದನ್ನು ನೋಡಿಯೇ ಇರುತ್ತಾರೆ. ನೆಲಮಂಗಲ ದಾಟಿದ ಮೇಲೆ ಇದ್ದಕ್ಕಿದ್ದ ಹಾಗೆ ವಾಹನಗಳು ನಿಧಾನವಾಗುತ್ತವೆ. ಮುಂದೆ ಹಳದಿ ದೀಪ ಮಿನುಗಿಸುತ್ತಾ ಹೋಗುವ ಒಂದು ಜೀಪು. ಅದರ ಹಿಂದೆ ಉದ್ದಾನುದ್ದ ಟ್ರೈಲರ್. ಅದರ ಮೇಲೆ ಮಲಗಿಸಿದ, ಗಾಳಿಯಂತ್ರದ ಒಂದೇ ಒಂದು ಬಿಳಿ ರೆಕ್ಕೆ. ಬಿಎಂಟಿಸಿ ಬಸ್ಸುಗಳನ್ನು ಒಂದರ ಹಿಂದೆ ಒಂದು ಐದು ನಿಲ್ಲಿಸಿದರೆ ಎಷ್ಟು ಉದ್ದವೋ ಅಷ್ಟು. ಕಳೆದ ಡಿಸೆಂಬರ್‌ನಲ್ಲಿ ಚಿತ್ರದುರ್ಗಕ್ಕೆ ಹೋಗುವಾಗ ನಮ್ಮ ಬಸ್ಸು ಅರ್ಧ ಗಂಟೆ ಅದರ ಬೆನ್ನಿಗೇ ತೆವಳಿತು. ಪಕ್ಕದ ಸೀಟಿನ ಹುಡುಗ ಕಿಟಕಿಯಿಂದ ಕೈ ಹೊರಗೆ ಹಾಕಿ ವಿಡಿಯೋ ಮಾಡಿಕೊಂಡ. "ಸೂಪರ್ ಅಲ್ವಾ ಸರ್? ಹೊಗೆ ಇಲ್ಲ, ಬೂದಿ ಇಲ್ಲ. ಸುಮ್ನೆ ಬೀಸೋ ಗಾಳಿಯಿಂದ ಕರೆಂಟು" ಎಂದ.

ಸೂಪರ್ ಅನ್ನುವುದು ನಿಜ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ವಿಷಯ ಎತ್ತಿದ ಕೂಡಲೇ "ಹಾಗಾದರೆ ಕಲ್ಲಿದ್ದಲೇ ಇರಲಿ ಅಂತೀರಾ?" ಎಂದು ಕೇಳುವವರು ಇರುತ್ತಾರೆ. ಖಂಡಿತ ಇಲ್ಲ. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಬೂದಿಯನ್ನು ಒಮ್ಮೆ ಹತ್ತಿರದಿಂದ ನೋಡಿದವರು ಆ ಮಾತು ಆಡುವುದಿಲ್ಲ. ಭೂಮಿ ಬಿಸಿಯಾದರೆ ಹಕ್ಕಿಗಳೂ ಉಳಿಯುವುದಿಲ್ಲ. ನನ್ನ ತಲೆಯಲ್ಲಿ ಕೂತದ್ದು ಆ ಹುಡುಗನ "ಸುಮ್ನೆ ಬೀಸೋ ಗಾಳಿ" ಎಂಬ ಮಾತು. ಯಾರಿಗೂ ಬೇಡದ ಗಾಳಿ, ಯಾರೂ ಇಲ್ಲದ ಗುಡ್ಡ, ನಾವು ಬಳಸಿಕೊಂಡರೆ ಯಾರಿಗೇನು ನಷ್ಟ ಎಂದು ಬಹಳ ಜನ ಅಂದುಕೊಂಡಿದ್ದೇವೆ. ಆ ಗಾಳಿಯನ್ನೇ ನಂಬಿಕೊಂಡವರು ನಮಗಿಂತ ಎಷ್ಟೋ ಮೊದಲಿನಿಂದ ಅಲ್ಲಿದ್ದಾರೆ.

ಇದು ಈಗ ಮಾತಾಡಬೇಕಾದ ವಿಷಯ ಯಾಕೆ ಎಂದರೆ, ನಮ್ಮ ರಾಜ್ಯದಲ್ಲಿ ಗಾಳಿಯಂತ್ರಗಳು ಏಳುತ್ತಿರುವ ವೇಗ ಹಾಗಿದೆ. 2024-25ರಲ್ಲಿ ದೇಶದಲ್ಲೇ ಅತಿ ಹೆಚ್ಚು ಹೊಸ ಗಾಳಿ ವಿದ್ಯುತ್ ಸಾಮರ್ಥ್ಯ ಸೇರಿಸಿದ್ದು ಕರ್ನಾಟಕ, 1,331 ಮೆಗಾವಾಟ್. ತಮಿಳುನಾಡು, ಗುಜರಾತ್ ಆಮೇಲೆ. 2025ರ ಮಾರ್ಚ್ ಕೊನೆಗೆ ದೇಶದ ಒಟ್ಟು ಲೆಕ್ಕ 50 ಗಿಗಾವಾಟ್, ಅಂದರೆ 50 ಸಾವಿರ ಮೆಗಾವಾಟ್ ಮುಟ್ಟಿತು. 2030ಕ್ಕೆ ಅದನ್ನು 100ಕ್ಕೆ ಏರಿಸುವ ಗುರಿ ಇದೆ. ಅಂದರೆ ಮೊದಲ 50ಕ್ಕೆ ಮೂರು ದಶಕಕ್ಕಿಂತ ಜಾಸ್ತಿ ಹಿಡಿಯಿತು, ಮುಂದಿನ 50 ಐದೇ ವರ್ಷದಲ್ಲಿ ಆಗಬೇಕು. ಅದರಲ್ಲಿ ದೊಡ್ಡ ಪಾಲು ಚಿತ್ರದುರ್ಗ, ಗದಗ, ಕೊಪ್ಪಳ, ದಾವಣಗೆರೆ, ವಿಜಯನಗರ, ವಿಜಯಪುರ, ಬೆಳಗಾವಿ ಕಡೆಯ ಗುಡ್ಡಗಳ ಮೇಲೆ, ಬಯಲುಗಳ ಮೇಲೆ ಬರಲಿದೆ.

ಬೆಂಗಳೂರಿನವರಿಗೆ ಇದು ದೂರದ ಊರಿನ ಸಮಾಚಾರ ಅನ್ನಿಸಬಹುದು. ನಿಮ್ಮ ಕರೆಂಟ್ ಬಿಲ್ ತೆಗೆದು ನೋಡಿ, ಬೆಸ್ಕಾಂ ಎಂದಿರುತ್ತದೆ. ಚಿತ್ರದುರ್ಗ, ದಾವಣಗೆರೆ ಜಿಲ್ಲೆಯವರ ಬಿಲ್ಲಿನಲ್ಲೂ ಅದೇ ಇರುತ್ತದೆ. ನಾವೆಲ್ಲ ಒಂದೇ ಕಂಪನಿಯ ಗ್ರಾಹಕರು. ನಗರದ ಎಷ್ಟೋ ಐಟಿ ಪಾರ್ಕುಗಳು, ಕಾರ್ಖಾನೆಗಳು ಗಾಳಿ ವಿದ್ಯುತ್ತನ್ನು ಉತ್ಪಾದಕರಿಂದ ನೇರವಾಗಿ ಒಪ್ಪಂದ ಮಾಡಿಕೊಂಡು ಕೊಳ್ಳುತ್ತವೆ. ತಂತಿಯಲ್ಲಿ ಹರಿಯುವ ಕರೆಂಟು ಹತ್ತಿರ ಎಲ್ಲಿ ಬೇಕೋ ಅಲ್ಲೇ ಖರ್ಚಾಗುತ್ತದೆ ನಿಜ. ಆದರೆ ಲೆಕ್ಕದಲ್ಲಿ ಆ ಯೂನಿಟ್ಟುಗಳು ನಮ್ಮವೇ.

ಚಿತ್ರದುರ್ಗದಲ್ಲಿ ಮಾರನೆಯ ದಿನ ಬೆಳಿಗ್ಗೆ ಸ್ನೇಹಿತರ ಜೊತೆ ಒಂದು ಗುಡ್ಡ ಹತ್ತಿದೆ. ಮೇಲೆ ಹೋಗಲು ಕಷ್ಟವೇ ಇಲ್ಲ. ಯಂತ್ರ ಸಾಗಿಸಲು ಮಾಡಿದ ಅಗಲವಾದ ಮಣ್ಣು ರಸ್ತೆ ತುದಿಯವರೆಗೂ ಇದೆ. ಮೇಲೆ ಏಳೆಂಟು ಹಳೆಯ ಯಂತ್ರಗಳು ಸಾಲಾಗಿ ನಿಂತಿದ್ದವು. ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜ ಸಿಕ್ಕಿದರು. ಅವರ ಬಾಯಲ್ಲಿ ಅದು ಗಾಳಿಯಂತ್ರವೂ ಅಲ್ಲ, ಟರ್ಬೈನೂ ಅಲ್ಲ, ಬರೀ "ಫ್ಯಾನು".

ಗುಡ್ಡದ ಅಂಚಿನಲ್ಲಿ, ಕೊನೆಯ ಫ್ಯಾನಿನಿಂದ ಸ್ವಲ್ಪ ಆಚೆ, ಒಂದು ಚಾಣ ಗಾಳಿಗೆ ಎದುರಾಗಿ ನಿಂತಿತ್ತು. ನಿಂತಿತ್ತು ಅಂದರೆ ಗಾಳಿಯಲ್ಲೇ ನಿಂತಿತ್ತು. ಬಾಲ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿತ್ತು. ರೆಕ್ಕೆಯ ತುದಿ ಅದುರುತ್ತಿತ್ತು, ಮೈ ಆಚೆ ಈಚೆ ತೂಗುತ್ತಿತ್ತು. ತಲೆ ಮಾತ್ರ ಮೊಳೆ ಹೊಡೆದ ಹಾಗೆ ಒಂದೇ ಕಡೆ. ಕಣ್ಣು ಪೂರ್ತಿ ಕೆಳಗಿನ ಹುಲ್ಲಿನ ಮೇಲೆ. ಒಂದೂವರೆ ನಿಮಿಷ ಹಾಗೇ ಇತ್ತು. ಆಮೇಲೆ ಕಲ್ಲು ಬಿದ್ದ ಹಾಗೆ ಕೆಳಗೆ ಬಿತ್ತು, ಮೇಲೆ ಬರುವಾಗ ಕಾಲಿನಲ್ಲಿ ಏನೋ ಇತ್ತು. ಮಿಡತೆ ಇರಬೇಕು.

ಈ ಸಮಸ್ಯೆಯ ಬುಡ ಇಲ್ಲೇ ಇದೆ. ಬಯಲಿನಲ್ಲಿ ಅಡ್ಡವಾಗಿ ಬೀಸುವ ಗಾಳಿ ಗುಡ್ಡಕ್ಕೆ ಬಡಿದಾಗ ಮೇಲಕ್ಕೆ ತಿರುಗುತ್ತದೆ. ಅಂಚಿನಲ್ಲಿ ಅದರ ವೇಗ ಜಾಸ್ತಿ. ಹದ್ದು, ಗಿಡುಗ, ಚಾಣ, ರಣಹದ್ದು ಇವೆಲ್ಲ ಆ ಮೇಲೇರುವ ಗಾಳಿಯ ಮೇಲೆ ಕೂತು ತೇಲುತ್ತವೆ. ರೆಕ್ಕೆ ಬಡಿಯುವ ಶ್ರಮ ಉಳಿಯುತ್ತದೆ. ಬೇಟೆ ಹುಡುಕುತ್ತಾ ಗಂಟೆಗಟ್ಟಲೆ ಇರಬಹುದು. ಗಾಳಿಯಂತ್ರದ ಎಂಜಿನಿಯರ್ ಹುಡುಕುವುದೂ ಅದೇ ಅಂಚನ್ನೇ. ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ಎಂಟರಷ್ಟಾಗುತ್ತದೆ. ಹಾಗಾಗಿ ಅಲ್ಲಿ ಸ್ವಲ್ಪ ಜಾಸ್ತಿ ಗಾಳಿ ಸಿಕ್ಕರೂ ಅವರಿಗೆ ದೊಡ್ಡ ಲಾಭ. ಯಂತ್ರ ಬೇಕೆಂದೇ ಹಕ್ಕಿಯ ದಾರಿಗೆ ಬಂದು ನಿಂತದ್ದಲ್ಲ, ಹಕ್ಕಿ ದಡ್ಡತನದಿಂದ ಯಂತ್ರಕ್ಕೆ ಹೋಗಿ ಬಡಿಯುವುದೂ ಅಲ್ಲ. ಇಬ್ಬರೂ ಒಂದೇ ಜಾಗ ಆರಿಸಿಕೊಳ್ಳುತ್ತಾರೆ.

ಅಷ್ಟು ದೊಡ್ಡ ರೆಕ್ಕೆ ಹಕ್ಕಿಗೆ ಕಾಣುವುದಿಲ್ಲವಾ? ಎಲ್ಲರೂ ಕೇಳುವ ಪ್ರಶ್ನೆ ಇದು. ದೂರದಿಂದ ನೋಡಿದರೆ ಫ್ಯಾನು ಸೋಮಾರಿಯಾಗಿ ತಿರುಗುವಂತೆ ಕಾಣುತ್ತದೆ. ಲೆಕ್ಕ ಹಾಕಿ ನೋಡಿ. 120 ಮೀಟರ್ ಅಡ್ಡಳತೆಯ ಚಕ್ರ ನಿಮಿಷಕ್ಕೆ 14 ಸುತ್ತು ತಿರುಗಿದರೆ ರೆಕ್ಕೆಯ ತುದಿ ಒಂದು ನಿಮಿಷದಲ್ಲಿ ಐದು ಕಿಲೋಮೀಟರ್‌ಗಿಂತ ಜಾಸ್ತಿ ಓಡಿರುತ್ತದೆ. ಅಂದರೆ ಗಂಟೆಗೆ 300 ಕಿಲೋಮೀಟರ್‌ಗೂ ಮೀರಿದ ವೇಗ. ಹತ್ತಿರ ಹೋದಷ್ಟೂ ಅದು ಕಣ್ಣಿಗೆ ರೆಕ್ಕೆಯಾಗಿ ಕಾಣದೆ ಮಸುಕಾಗಿ ಕರಗಿಹೋಗುತ್ತದೆ. ಮನೆಯ ಸೀಲಿಂಗ್ ಫ್ಯಾನ್ ಜೋರಾಗಿ ತಿರುಗುವಾಗ ಅದರ ಆಚೆಗಿನ ಗೋಡೆ ಕಾಣುತ್ತದಲ್ಲ, ಹಾಗೆ. ಇನ್ನೊಂದು ಕಾರಣ ಹಕ್ಕಿಯ ಕಣ್ಣಿನ ಜೋಡಣೆ. ರಣಹದ್ದುಗಳ ದೃಷ್ಟಿಯನ್ನು ಅಳೆದು ನೋಡಿದ ಸಂಶೋಧಕರಿಗೆ ಗೊತ್ತಾದದ್ದೇನೆಂದರೆ, ಅವು ತಲೆ ತಗ್ಗಿಸಿ ನೆಲ ನೋಡುತ್ತಾ ಹಾರುವಾಗ ಎದುರಿಗಿನ ದಾರಿಯೇ ಅವುಗಳ ಕುರುಡು ಜಾಗಕ್ಕೆ ಬೀಳುತ್ತದೆ. ಅಷ್ಟು ಎತ್ತರದಲ್ಲಿ ಎದುರಿಗೆ ಏನಾದರೂ ಅಡ್ಡ ಬರುತ್ತದೆ ಎಂದು ಲಕ್ಷಾಂತರ ವರ್ಷಗಳಲ್ಲಿ ಆ ಹಕ್ಕಿಗೆ ಒಮ್ಮೆಯೂ ಅನುಭವ ಆಗಿರಲಿಲ್ಲ. ನಾನು ನೋಡಿದ ಚಾಣದ ಕಣ್ಣೂ ಕೆಳಗೇ ಇತ್ತು.

ಹಾಗಾದರೆ ಎಷ್ಟು ಸಾಯುತ್ತವೆ? ನಮ್ಮ ರಾಜ್ಯದ್ದೇ ಲೆಕ್ಕ ಇದೆ. ಗುಜರಾತಿನ ಕಚ್‌ನ ಸಾಮಖಿಯಾಲಿ ಮತ್ತು ನಮ್ಮ ಹರಪನಹಳ್ಳಿ, ಈ ಎರಡು ಕಡೆ ಯಂತ್ರಗಳ ಬುಡದಲ್ಲಿ ಸತ್ತ ಹಕ್ಕಿಗಳನ್ನು ಹುಡುಕಿ ಲೆಕ್ಕ ಹಾಕಿದ್ದರು. ಆಗ ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿತ್ತು, ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಕಚ್‌ನಲ್ಲಿ 47 ಹಕ್ಕಿಗಳು ಸಿಕ್ಕವು, ಹರಪನಹಳ್ಳಿಯಲ್ಲಿ 7. ಯಂತ್ರಕ್ಕೆ, ವರ್ಷಕ್ಕೆ ಎಂದು ಲೆಕ್ಕ ಹಾಕಿದಾಗ ಎರಡೂ ಕಡೆ ಸುಮಾರು ಅರ್ಧ ಹಕ್ಕಿ ಬಂತು. ಕಚ್‌ನಲ್ಲಿ 0.478, ಹರಪನಹಳ್ಳಿಯಲ್ಲಿ 0.466.

ಅರ್ಧ ಹಕ್ಕಿ ಅಂದರೆ ಏನೂ ಅಲ್ಲ ಅನ್ನಿಸುತ್ತದೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಫ್ಯಾನಿಗಿಂತ ಬೆಕ್ಕುಗಳೇ ಎಷ್ಟೋ ಹೆಚ್ಚು ಹಕ್ಕಿ ಕೊಲ್ಲುತ್ತವೆ ಎಂಬ ವಾದವೂ ಇಲ್ಲೇ ಬರುತ್ತದೆ. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರ ಒಂದು ಅಂದಾಜು ಹೇಳುತ್ತದೆ. ಅದೇ ವರ್ಷದ ಅಂದಾಜಿನಲ್ಲಿ ಅಲ್ಲಿನ ಗಾಳಿಯಂತ್ರಗಳ ಪಾಲು ಕೆಲವು ಲಕ್ಷ ಮಾತ್ರ. ಕಟ್ಟಡಗಳ ಗಾಜಿಗೆ ಬಡಿದು ಸಾಯುವ ಹಕ್ಕಿಗಳ ಸಂಖ್ಯೆಯೂ ಕೋಟಿಗಳಲ್ಲಿದೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಗೋಡೆಗಳ ಕೆಳಗೆ, ಮಾಂಜಾ ದಾರ ಸುತ್ತಿಕೊಂಡ ಮರಗಳ ಕೆಳಗೆ ಸತ್ತು ಬಿದ್ದ ಹಕ್ಕಿಗಳನ್ನು ನಾನೇ ಎತ್ತಿದ್ದೇನೆ. ಅದೆಲ್ಲ ನಿಜವಾದ ನೋವು, ಅದನ್ನೂ ತಡೆಯಬೇಕು.

ಆದರೆ ಬೆಕ್ಕು ಹಿಡಿಯುವುದು ಗುಬ್ಬಿಯನ್ನು, ಪಿಕಳಾರವನ್ನು. ಬೆಕ್ಕು ಗಿಡುಗ ಹಿಡಿಯುವುದಿಲ್ಲ. ಗುಬ್ಬಿ ವರ್ಷಕ್ಕೆ ಎರಡು ಮೂರು ಸಲ ಮೊಟ್ಟೆ ಇಡುತ್ತದೆ, ಪ್ರತಿ ಸಲ ನಾಲ್ಕೈದು. ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಆ ಮರಿ ದೊಡ್ಡದಾಗಿ ತಾನು ಗೂಡು ಕಟ್ಟಲು ಸುಮಾರು ಐದು ವರ್ಷ ಬೇಕು. ದೊಡ್ಡ ಹದ್ದುಗಳ ಸಂಸಾರವೂ ಹೆಚ್ಚು ಕಡಿಮೆ ಹೀಗೇ. ಒಂದು ಗುಡ್ಡಸಾಲಿನಲ್ಲಿ ಹತ್ತು ಜೋಡಿ ಹದ್ದು ಇವೆ ಅಂದುಕೊಳ್ಳಿ. ನೂರು ಯಂತ್ರಗಳಿಗೆ ಬಡಿದು ಸತ್ತ ಐವತ್ತು ಹಕ್ಕಿಗಳಲ್ಲಿ ಎರಡೇ ಎರಡು ಆ ಹದ್ದುಗಳಾಗಿದ್ದರೂ ಸಾಕು. ವರ್ಷವೂ ಹಾಗೇ ಆದರೆ ಹುಟ್ಟುವುದು ಸಾಯುವುದನ್ನು ತುಂಬಿಕೊಡುವುದಿಲ್ಲ. ನಮ್ಮ ಪಕ್ಕದ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ಇವತ್ತು ಅಲ್ಲಿ ರಣಹದ್ದು ಕಂಡರೆ ಅದೃಷ್ಟ. ಅವುಗಳನ್ನು ಕೊಂದದ್ದು ಗಾಳಿಯಂತ್ರವಲ್ಲ, ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ. ಅದನ್ನು ದನಗಳಿಗೆ ಕೊಡಬಾರದು ಎಂದು 2006ರಲ್ಲೇ ನಿಷೇಧಿಸಿದರು. ಸುಮಾರು ಎರಡು ದಶಕವಾದರೂ ಸಂಖ್ಯೆ ಹಿಂದಿನ ಮಟ್ಟಕ್ಕೆ ಬಂದಿಲ್ಲ. ನಿಧಾನ ಹೆರುವ ಹಕ್ಕಿ ಒಮ್ಮೆ ಕಮ್ಮಿಯಾದರೆ ಎಷ್ಟು ಕಷ್ಟ ಎಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ.

ಇನ್ನೊಂದು ವಿಷಯ. ಬುಡದಲ್ಲಿ ಸಿಕ್ಕಿದ್ದನ್ನು ಮಾತ್ರ ಎಣಿಸಲು ಆಗುವುದು. ರಾತ್ರಿ ಬಿದ್ದ ಹಕ್ಕಿಯನ್ನು ಬೆಳಗಾಗುವುದರೊಳಗೆ ನಾಯಿ, ನರಿ, ಮುಂಗುಸಿ ಎಳೆದುಕೊಂಡು ಹೋಗಿರುತ್ತವೆ. ಸಣ್ಣ ಹಕ್ಕಿ, ಸಣ್ಣ ಬಾವಲಿ ಹುಲ್ಲಿನಲ್ಲಿ ಕಾಣುವುದೇ ಇಲ್ಲ. ಎಣಿಸುವವರು ಇದಕ್ಕೆ ತಿದ್ದುಪಡಿ ಹಾಕುತ್ತಾರೆ. ಬೇಕೆಂದೇ ಕೆಲವು ಸತ್ತ ಹಕ್ಕಿಗಳನ್ನು ಇಟ್ಟು, ಎಷ್ಟು ದಿನದಲ್ಲಿ ಮಾಯವಾಗುತ್ತವೆ ಎಂದು ನೋಡುತ್ತಾರೆ. ಎಷ್ಟೇ ಆದರೂ ಎರಡು ವಾರಕ್ಕೊಮ್ಮೆ ಹೋಗಿ ನೋಡುವ ಕಡೆಗೂ ದಿನಾ ನೋಡುವ ಕಡೆಗೂ ಲೆಕ್ಕ ಒಂದೇ ಆಗುವುದಿಲ್ಲ.

ಡಿಕ್ಕಿ ಹೊಡೆದು ಸಾಯುವುದು ಕಣ್ಣಿಗೆ ಕಾಣುವ ಭಾಗ. ಕಾಣದ ಭಾಗವನ್ನು ತೋರಿಸಿಕೊಟ್ಟದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಥಾಕರ್ ಮತ್ತು ಅವರ ಜೊತೆಗಾರರು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಚಾಳ್ಕೇವಾಡಿ ಎಂಬ ಎತ್ತರದ ಬಯಲಿದೆ. ಅಲ್ಲಿ ಹದಿನಾರರಿಂದ ಇಪ್ಪತ್ತು ವರ್ಷ ಹಳೆಯ ಗಾಳಿಯಂತ್ರಗಳಿದ್ದವು. ಅದೇ ಬಯಲಿನಲ್ಲಿ ಯಂತ್ರ ಇಲ್ಲದ ಭಾಗವೂ ಇತ್ತು. ಹುಲ್ಲು, ಕಲ್ಲು, ಮಳೆ ಎಲ್ಲ ಹೆಚ್ಚು ಕಡಿಮೆ ಒಂದೇ. ಎರಡನ್ನೂ ಹೋಲಿಸಿ ನೋಡಿದರು. 2018ರಲ್ಲಿ ಅದು ಪ್ರಕಟವಾಯಿತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ನಮ್ಮ ದೇಶದಿಂದ ಬಂದ ಅತಿ ಮುಖ್ಯ ಕೆಲಸ ಇದು.

ಯಂತ್ರ ಇರುವ ಕಡೆ ಬೇಟೆಯಾಡುವ ಹಕ್ಕಿಗಳೂ ಅವುಗಳ ದಾಳಿಯೂ ಯಂತ್ರ ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಮ್ಮಿ. ಅವು ಆ ಜಾಗವನ್ನೇ ಬಿಟ್ಟು ದೂರ ಉಳಿದಿದ್ದವು. ಆ ಹಕ್ಕಿಗಳ ಊಟ ಅಲ್ಲಿನ ಓತಿಕ್ಯಾತ. ಗಂಡು ಓತಿಯ ಗಂಟಲಲ್ಲಿ ಒಂದು ಬೀಸಣಿಗೆ ಇದೆ. ನೀಲಿ, ಕಪ್ಪು, ಕಿತ್ತಳೆ ಬಣ್ಣ. ಹೆಣ್ಣನ್ನು ಕರೆಯುವಾಗ, ಬೇರೆ ಗಂಡಿಗೆ ಎಚ್ಚರಿಕೆ ಕೊಡುವಾಗ ಕಲ್ಲಿನ ಮೇಲೆ ನಿಂತು ಅದನ್ನು ಬಿಚ್ಚಿ ಬಿಚ್ಚಿ ತೋರಿಸುತ್ತದೆ. ಹದ್ದಿನ ಕಾಟ ತಪ್ಪಿದ ಕಡೆ ಓತಿಗಳ ಸಂಖ್ಯೆ ಹೆಚ್ಚಾಗಿತ್ತು. ಒಳ್ಳೆಯದೇ ಆಯಿತಲ್ಲ ಎಂದರೆ, ಅಲ್ಲಿಗೇ ಮುಗಿಯಲಿಲ್ಲ. ಆ ಓತಿಗಳ ರಕ್ತದಲ್ಲಿ ಭಯ, ಒತ್ತಡದ ಹಾರ್ಮೋನು ಕಮ್ಮಿ ಇತ್ತು. ಮನುಷ್ಯ ಹತ್ತಿರ ಬಂದರೂ ಬೇಗ ಓಡುತ್ತಿರಲಿಲ್ಲ. ಓತಿಗಳೇ ಜಾಸ್ತಿಯಾಗಿ ಊಟಕ್ಕೆ ಪೈಪೋಟಿ ಬಿದ್ದು ಮೈ ಸೊರಗಿತ್ತು. ಗಂಡುಗಳ ಗಂಟಲಿನ ಬಣ್ಣ ಮಂಕಾಗಿತ್ತು.

ಓತಿಗೂ ಫ್ಯಾನಿಗೂ ನೇರ ಸಂಬಂಧವೇ ಇಲ್ಲ. ಅದು ನೆಲದ ಮೇಲೆ ಹರಿದಾಡುವ ಪ್ರಾಣಿ. ಆದರೂ ಮೇಲಿನ ಆಕಾಶದಿಂದ ಒಂದು ಹಕ್ಕಿ ಕಾಣೆಯಾದದ್ದು ಕೆಳಗಿನ ಕಲ್ಲಿನ ಮೇಲಿನ ಓತಿಯ ಗಂಟಲಿನ ಬಣ್ಣದವರೆಗೂ ಇಳಿದು ಬಂತು. ಓತಿ ಜಾಸ್ತಿಯಾದರೆ ಮಿಡತೆ, ಇರುವೆ ಕಮ್ಮಿಯಾಗುತ್ತವಾ, ಅದರಿಂದ ಹುಲ್ಲಿಗೆ ಏನಾಗುತ್ತದೆ ಎಂದು ಪ್ರಶ್ನೆಗಳು ಮುಂದೆ ಹೋಗುತ್ತಲೇ ಇರುತ್ತವೆ. ಈ ಸಂಶೋಧಕರು ಗಾಳಿಯಂತ್ರವನ್ನು ಹದ್ದಿಗಿಂತ ಮೇಲಿನ ಬೇಟೆಗಾರ ಎಂದು ಕರೆದರು. ಸರಿಯಾದ ಮಾತು ಅನ್ನಿಸುತ್ತದೆ.

2022ರಲ್ಲಿ ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದವರು ಕರ್ನಾಟಕದಲ್ಲೇ ಮಾಡಿದ ಅಧ್ಯಯನ ಬಂತು. ಇಲ್ಲಿ ಡಿಕ್ಕಿಯ ಲೆಕ್ಕ ಯಂತ್ರಕ್ಕೆ ವರ್ಷಕ್ಕೆ 0.26. ಅದಕ್ಕಿಂತ ಮುಖ್ಯವಾದದ್ದು ಬೇರೆ. ಯಂತ್ರ ಇಲ್ಲದ ಜಾಗಗಳಲ್ಲಿ ಹಕ್ಕಿಗಳ ಜಾತಿಯೂ ಜಾಸ್ತಿ, ಸಂಖ್ಯೆಯೂ ಜಾಸ್ತಿ. ಕೃಷ್ಣಮೃಗ, ಚಿಂಕಾರ, ನರಿ, ಕಾಡುಬೆಕ್ಕುಗಳ ಇರುವಿಕೆಯ ಮೇಲೂ ಯಂತ್ರಗಳ ಪ್ರಭಾವ ಕಂಡಿತು. ನಾಲ್ಕು ಕಾಲಿನ ಪ್ರಾಣಿಗೆ ಆಕಾಶದ ಫ್ಯಾನಿನಿಂದ ಏನು ತೊಂದರೆ? ಶಬ್ದ ಇದೆ, ನೆಲದ ಮೇಲೆ ಓಡುವ ನೆರಳಿದೆ. ರಸ್ತೆಯನ್ನು ನಾನು ಇನ್ನೂ ದೊಡ್ಡ ತೊಂದರೆ ಅನ್ನುತ್ತೇನೆ. ತುಮಕೂರು ರಸ್ತೆಯಲ್ಲಿ ಕಂಡ ಅಷ್ಟುದ್ದದ ಆ ರೆಕ್ಕೆ ಗುಡ್ಡದ ತುದಿ ಮುಟ್ಟಬೇಕಲ್ಲ. ಅದಕ್ಕೆ ಗುಡ್ಡ ಕಡಿದು, ತಿರುವು ಅಗಲ ಮಾಡಿ ದಾರಿ ಮಾಡುತ್ತಾರೆ. ಮೊದಲ ಮಳೆಗೆ ಆ ಮಣ್ಣು ಕೊಚ್ಚಿ ಹಳ್ಳಕ್ಕೆ ಇಳಿಯುತ್ತದೆ. ಆಮೇಲೆ ಅದೇ ದಾರಿಯಲ್ಲಿ ಬೈಕು ಬರುತ್ತದೆ, ನಾಯಿ ಬರುತ್ತದೆ, ಬೇಟೆಗಾರನೂ ಬರುತ್ತಾನೆ. ನಾನು ಸಲೀಸಾಗಿ ಗುಡ್ಡ ಹತ್ತಿದೆ ಎಂದೆನಲ್ಲ, ಅದೇ ದಾರಿ.

ಬಾವಲಿಗಳ ಮಾತು ಯಾರೂ ಎತ್ತುವುದಿಲ್ಲ. ಹೊಲದ ಹುಳಗಳನ್ನು ರಾತ್ರಿಯೆಲ್ಲ ತಿನ್ನುವ ಸಣ್ಣ ಬಾವಲಿಗಳು ಯಂತ್ರಗಳ ಹತ್ತಿರ ದೊಡ್ಡ ಸಂಖ್ಯೆಯಲ್ಲಿ ಸಾಯುವುದು ಅಮೆರಿಕ, ಯೂರೋಪಿನಲ್ಲಿ ಚೆನ್ನಾಗಿ ದಾಖಲಾಗಿದೆ. ಅವು ಹೆಚ್ಚು ಸಾಯುವುದು ಗಾಳಿ ಮಂದವಾಗಿರುವ ರಾತ್ರಿಗಳಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಪರಿಹಾರದ ಮಾತಿಗೆ ಬೇಕಾಗುತ್ತದೆ.

ಯಂತ್ರ ಒಂದೇ ಬರುವುದಿಲ್ಲ, ಅದರ ಜೊತೆ ತಂತಿ ಬರುತ್ತದೆ. ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ಹಕ್ಕಿಗಳಿಗೆ ಹೈಟೆನ್ಷನ್ ತಂತಿ ದೊಡ್ಡ ಶತ್ರು. ಗ್ರೇಟ್ ಇಂಡಿಯನ್ ಬಸ್ಟರ್ಡ್, ನಮ್ಮ ಬಯಲುಸೀಮೆಯ ಎರ್ಲಡ್ಡು ಹಕ್ಕಿ, ಹದಿನೈದು ಕಿಲೋವರೆಗೂ ತೂಗುವ ಭಾರದ ಹಕ್ಕಿ. ಅದರ ಕಣ್ಣು ತಲೆಯ ಎರಡು ಪಕ್ಕಕ್ಕಿವೆ. ಎದುರಿನ ತಂತಿ ಕಂಡಾಗ ತಿರುಗಿಕೊಳ್ಳಲು ಹೊತ್ತು ಮೀರಿರುತ್ತದೆ. 2021ರಲ್ಲಿ ಸುಪ್ರೀಂ ಕೋರ್ಟ್ ಅದರ ನೆಲೆಗಳಲ್ಲಿ ತಂತಿಗಳನ್ನು ನೆಲದಡಿ ಹಾಕಲು ಹೇಳಿತು. 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಬದಲಿಸಿ, ಎಲ್ಲಿ ಸಾಧ್ಯ ಎಂದು ನೋಡಲು ತಜ್ಞರ ಸಮಿತಿ ಮಾಡಿತು. ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಜನರ ಹಕ್ಕು ಎಂದು ಅದೇ ತೀರ್ಪಿನಲ್ಲಿ ಹೇಳಿತು. ಎರಡೂ ಬೇಕು, ಎರಡೂ ಒಂದೇ ಜಾಗದಲ್ಲಿ ಎದುರಾದಾಗ ಏನು ಮಾಡುವುದು ಎಂಬ ಕಷ್ಟ ಆ ತೀರ್ಪಿನಲ್ಲಿ ಎದ್ದು ಕಾಣುತ್ತದೆ. ನಮ್ಮಲ್ಲಿ ಎರ್ಲಡ್ಡು ಉಳಿದಿರುವುದು ಬಳ್ಳಾರಿಯ ಸಿರುಗುಪ್ಪ ಕಡೆ, ಬೆರಳೆಣಿಕೆಯಷ್ಟು. ಆ ಎರೆ ಹೊಲಗಳ ಮೇಲೆ ಯಾವ ತಂತಿ ಎಲ್ಲಿ ಎಳೆಯುತ್ತೇವೆ ಎನ್ನುವುದರ ಮೇಲೆ ಆ ನಾಲ್ಕಾರು ಹಕ್ಕಿಗಳ ಜೀವ ನಿಂತಿದೆ.

ಗದಗದ ಕಡೆಯ ಮಾಗಡಿ ಕೆರೆಯನ್ನೂ ಹೇಳಬೇಕು. ನಮ್ಮ ಮಾಗಡಿ ರೋಡಿನ ಮಾಗಡಿ ಅಲ್ಲ, ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವೆ. ಹಗಲು ಕೆರೆಯಲ್ಲಿ ವಿಶ್ರಾಂತಿ. ಸಂಜೆಯಾದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹಾರುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ಮಾನ್ಯತೆ, ಅಂದರೆ ಮಹತ್ವದ ಜೌಗು ಪ್ರದೇಶ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಮಾನ್ಯತೆ ಕೆರೆಯ ನೀರಿಗೆ ಸಿಕ್ಕಿದೆ. ಹಕ್ಕಿ ಹಾರುವ ಸಂಜೆಯ ದಾರಿಗೆ ಯಾವ ಮಾನ್ಯತೆಯೂ ಇಲ್ಲ.

ಈಗ ಪರಿಹಾರ. ಪರಿಹಾರಗಳಿವೆ, ಬಹಳ ದುಬಾರಿಯೂ ಅಲ್ಲ. ನನಗೆ ಸಮಾಧಾನ ತರುವ ವಿಷಯ ಅದು. ಸ್ಪೇನಿನ ತರೀಫಾ ಕಡೆ ಕಾವಲುಗಾರರು ಆಕಾಶ ನೋಡುತ್ತಾ ಕೂರುತ್ತಾರೆ. ರಣಹದ್ದುಗಳ ಗುಂಪು ಯಂತ್ರದ ಕಡೆ ಬಂದರೆ ಫೋನ್ ಮಾಡಿ ಆ ಯಂತ್ರವನ್ನು ಮಾತ್ರ ಕೆಲವು ನಿಮಿಷ ನಿಲ್ಲಿಸುತ್ತಾರೆ. ಸಾಯುವ ರಣಹದ್ದುಗಳ ಸಂಖ್ಯೆ ಅರ್ಧಕ್ಕೆ ಇಳಿಯಿತು. ವರ್ಷದ ಉತ್ಪಾದನೆಯಲ್ಲಿ ಆದ ನಷ್ಟ ನೂರಕ್ಕೆ 0.07. ಅಮೆರಿಕದಲ್ಲಿ ಮಂದಗಾಳಿಯ ರಾತ್ರಿಗಳಲ್ಲಿ ಯಂತ್ರಗಳನ್ನು ತಿರುಗಲು ಬಿಡದೆ ನೋಡಿದರು. ಬಾವಲಿಗಳ ಸಾವು ನೂರಕ್ಕೆ 44ರಿಂದ 93ರಷ್ಟು ಕಮ್ಮಿಯಾಯಿತು. ವರ್ಷದ ಉತ್ಪಾದನೆಯಲ್ಲಿ ಒಂದು ಪರ್ಸೆಂಟೂ ಕಳೆದುಕೊಳ್ಳಲಿಲ್ಲ. ಮಂದ ಗಾಳಿಯಲ್ಲಿ ಹೇಗೂ ಕರೆಂಟು ಬರುವುದು ಅಷ್ಟಕ್ಕಷ್ಟೇ. ನಾರ್ವೆಯ ಸ್ಮೋಲಾ ದ್ವೀಪದಲ್ಲಿ ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಕಪ್ಪು ಬಣ್ಣ ಬಳಿದರು. ತಿರುಗುವಾಗ ಮಸುಕಾಗದೆ ಕಣ್ಣಿಗೆ ಹೊಡೆಯಲಿ ಎಂದು. ಹಕ್ಕಿಗಳ ಸಾವು ನೂರಕ್ಕೆ 70ಕ್ಕೂ ಹೆಚ್ಚು ಇಳಿಯಿತು. ಬಣ್ಣ ಬಳಿದದ್ದು ನಾಲ್ಕೇ ಯಂತ್ರಗಳಿಗೆ, ಹಾಗಾಗಿ ಇದನ್ನೇ ಕೊನೆಯ ಮಾತು ಎಂದು ಹಿಡಿಯಬಾರದು. ಆದರೆ ಚಿತ್ರದುರ್ಗದಲ್ಲಿ ಒಂದು ಸಾಲಿಗೆ ಬಳಿದು ನೋಡಲು ಏನು ಅಡ್ಡಿ?

ಇವೆಲ್ಲ ಯಂತ್ರ ನಿಂತ ಮೇಲಿನ ಮಾತು. ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಯಂತ್ರ ಎಲ್ಲಿ ನಿಲ್ಲಿಸುತ್ತೇವೆ ಎಂಬುದು. ನಾವು ತೀರಾ ಹಿಂದೆ ಬಿದ್ದಿರುವುದೂ ಇಲ್ಲೇ. ಯಾವ ಯೋಜನೆಗೆ ಮೊದಲೇ ಪರಿಸರ ಅನುಮತಿ ಬೇಕು ಎಂದು ಹೇಳುವ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಇಲ್ಲ. ಅರಣ್ಯ ಭೂಮಿಯಾದರೆ ಬೇರೆ ಅನುಮತಿ ಬೇಕು. ಅರಣ್ಯ ಎಂದು ದಾಖಲೆಯಲ್ಲಿ ಇಲ್ಲದ ಗುಡ್ಡ, ಗೋಮಾಳ, ಕಾವಲು, ಹೊಲ ಆದರೆ, ಒಂದು ವರ್ಷ ಅಲ್ಲಿ ಯಾವ ಹಕ್ಕಿ ಹಾರುತ್ತದೆ ಎಂದು ನೋಡುವ ಕಾನೂನಿನ ಒತ್ತಾಯವಿಲ್ಲ, ಸಾರ್ವಜನಿಕ ಅಹವಾಲೂ ಇಲ್ಲ. ಗಾಳಿಯ ವೇಗ ಅಳೆಯಲು ಮಾತ್ರ ಕಂಬ ನೆಟ್ಟು ತಿಂಗಳುಗಟ್ಟಲೆ ಕಾಯುತ್ತಾರೆ. ಆ ಕಂಬದ ಬುಡದಲ್ಲಿ ಅಷ್ಟೇ ದಿನ ಹಕ್ಕಿ ಬಲ್ಲ ಒಬ್ಬರನ್ನು ಕೂರಿಸಿದರೆ ಸಾಕಿತ್ತು.

ಬಯಲನ್ನು ಬಂಜರು ಎಂದು ಬರೆಯುವ ನಮ್ಮ ಸರ್ಕಾರಿ ಅಭ್ಯಾಸ ಇದರ ಹಿಂದೆ ಇದೆ. ಮರ ಇದ್ದರೆ ಕಾಡು, ಮರ ಇಲ್ಲದಿದ್ದರೆ ಖಾಲಿ. ಬೆಂಗಳೂರಿನವರಿಗೆ ಇದರ ಅನುಭವ ಹೆಸರಘಟ್ಟದಲ್ಲಿ ಆಗಿದೆ. ಅಲ್ಲಿನ ಹುಲ್ಲುಗಾವಲನ್ನು ಸಂರಕ್ಷಿತ ಪ್ರದೇಶ ಮಾಡಿಸಲು ಎಷ್ಟು ವರ್ಷ ಓಡಾಡಬೇಕಾಯಿತು. ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಬರುವ ಸೆಳೆವ (ಹ್ಯಾರಿಯರ್) ಎಂಬ ಬೇಟೆ ಹಕ್ಕಿಗಳು ರಾತ್ರಿ ಮಲಗುವುದು ಅಂಥ ಹುಲ್ಲಿನಲ್ಲೇ, ನೆಲದ ಮೇಲೆ. ಮಧುಗಿರಿಯ ಮೈದನಹಳ್ಳಿಯ ಕೃಷ್ಣಮೃಗಗಳು ಓಡಾಡುವುದೂ ಅಂಥ ಬಯಲಿನಲ್ಲೇ. ಗದಗದ ಕಪ್ಪತಗುಡ್ಡಕ್ಕೆ ವನ್ಯಧಾಮದ ಹೆಸರು ಸಿಕ್ಕಿದ್ದು 2019ರಲ್ಲಿ. ಅಷ್ಟರೊಳಗೆ ಅದರ ನೆತ್ತಿಯ ಮೇಲೆ ಗಾಳಿಯಂತ್ರಗಳು ಬಂದು ವರ್ಷಗಳಾಗಿದ್ದವು. ಹೆಸರು ಕೊಡುವುದು ತಡವಾದಷ್ಟೂ ಉಳಿಸಲು ಉಳಿಯುವುದು ಕಮ್ಮಿ.

ನಕ್ಷೆ ಇಲ್ಲ ಎಂದು ಹೇಳುವ ಹಾಗೂ ಇಲ್ಲ. ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಸಂಸ್ಥೆ ಹಕ್ಕಿಗಳಿಗೆ ಅಪಾಯ ಎಲ್ಲಿ ಜಾಸ್ತಿ, ಎಲ್ಲಿ ಕಮ್ಮಿ ಎಂದು ತೋರಿಸುವ ಅವಿಸ್ಟೆಪ್ ಎಂಬ ಸಾಧನವನ್ನು 2022ರಿಂದ ಎಲ್ಲರಿಗೂ ಉಚಿತವಾಗಿ ಇಟ್ಟಿದೆ. ಭಾರತವೂ ಅದರಲ್ಲಿದೆ. ಗಾಳಿ ಚೆನ್ನಾಗಿದ್ದು ಹಕ್ಕಿಗೆ ಅಪಾಯ ಕಮ್ಮಿ ಇರುವ ಜಾಗಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ. ಉತ್ತು ಬಿತ್ತುವ ಹೊಲಗಳ ನಡುವೆ, ಈಗಾಗಲೇ ರಸ್ತೆ ಮತ್ತು ತಂತಿ ಇರುವ ಕಡೆ ನಿಲ್ಲಿಸಿದರೆ ಗುಡ್ಡದ ಅಂಚು ಉಳಿಯುತ್ತದೆ. ಇವತ್ತಿನ ಎತ್ತರದ ಯಂತ್ರಗಳಿಗೆ ಬಯಲಿನ ಗಾಳಿಯೂ ಸಾಕಾಗುತ್ತದೆ.

ಇದನ್ನು ಕೇಳುವ ಶಕ್ತಿ ಬೆಂಗಳೂರಿಗೆ ಇದೆ ಎಂದು ನಾನು ನಂಬಿದ್ದೇನೆ. ದೊಡ್ಡ ಕಟ್ಟಡಗಳವರು ಗಾಳಿ ವಿದ್ಯುತ್ ಕೊಳ್ಳುವಾಗ ಯೂನಿಟ್ಟಿಗೆ ಎಷ್ಟು ಎಂದು ಕೇಳುತ್ತಾರೆ. ಯಾವ ಗುಡ್ಡದ್ದು, ಅಲ್ಲಿ ಹಕ್ಕಿಗಳ ಎಣಿಕೆ ಆಗಿದೆಯಾ, ಸತ್ತ ಹಕ್ಕಿಗಳ ಲೆಕ್ಕವನ್ನು ವರ್ಷಕ್ಕೊಮ್ಮೆ ಹೊರಗೆ ಹಾಕುತ್ತೀರಾ ಎಂದೂ ಕೇಳಬಹುದು. ಒಪ್ಪಂದದಲ್ಲಿ ನಾಲ್ಕು ಸಾಲು ಸೇರಿಸಿದರೆ ಆಯಿತು. ವಿದ್ಯುತ್ ದರದ ಬಗ್ಗೆ ನಿಯಂತ್ರಣ ಆಯೋಗ ಬೆಂಗಳೂರಿನಲ್ಲಿ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿ ಗ್ರಾಹಕರು ಎದ್ದು ನಿಂತು ಮಾತಾಡಬಹುದು. ದರದ ಜೊತೆ ಇದನ್ನೂ ಎತ್ತಬಹುದು.

ಇದಕ್ಕೆ ಈಗ ಒಂದು ಒಳ್ಳೆಯ ಸಮಯವೂ ಬಂದಿದೆ. ಚಿತ್ರದುರ್ಗದ ಮೊದಲ ಸುತ್ತಿನ ಯಂತ್ರಗಳಿಗೆ ವಯಸ್ಸಾಗಿದೆ. ಗಾಳಿಯಂತ್ರದ ಆಯಸ್ಸು ಇಪ್ಪತ್ತು ಇಪ್ಪತ್ತೈದು ವರ್ಷ. ಹಳೆಯದನ್ನು ಬಿಚ್ಚಿ ಹೊಸದನ್ನು ನಿಲ್ಲಿಸಲು ಕೇಂದ್ರ ಸರ್ಕಾರದ ನೀತಿ 2016ರಿಂದ ಇದೆ, 2023ರಲ್ಲಿ ಅದನ್ನು ತಿದ್ದಿದ್ದಾರೆ. 600 ಕಿಲೋವಾಟ್‌ನ ಹತ್ತು ಹಳೆಯ ಯಂತ್ರಗಳ ಕೆಲಸವನ್ನು ಮೂರು ಮೆಗಾವಾಟ್‌ನ ಎರಡು ಹೊಸ ಯಂತ್ರ ಮಾಡುತ್ತವೆ. ಅಂದರೆ ಎಂಟು ಜಾಗ ಖಾಲಿಯಾಗುತ್ತವೆ. ಯಾವ ಎಂಟು ಎಂದು ಆರಿಸುವ ಅವಕಾಶ ನಮಗೆ ಇನ್ನು ಕೆಲವು ವರ್ಷ ಇರುತ್ತದೆ. ಹೊಸವು ನಿಂತುಬಿಟ್ಟರೆ ಮತ್ತೆ ಇಪ್ಪತ್ತೈದು ವರ್ಷ ಕಾಯಬೇಕು.

ಗುಡ್ಡ ಇಳಿಯುವ ಮೊದಲು ಅಜ್ಜನನ್ನು ಕೇಳಿದೆ, ಆ ಕೊನೆಯ ಫ್ಯಾನು ಯಾಕೆ ತಿರುಗುತ್ತಿಲ್ಲ ಎಂದು. "ಅದು ಕೆಟ್ಟು ಕೂತು ಎರಡು ಮಳೆಗಾಲ ಆತು ತಮ್ಮಾ, ರಿಪೇರಿಗೆ ಯಾರೂ ಬಂದಿಲ್ಲ" ಎಂದರು. ಚಾಣ ಗಾಳಿಯಲ್ಲಿ ನಿಂತಿದ್ದದ್ದು ಅದರ ಪಕ್ಕದಲ್ಲೇ. ಬಿಚ್ಚುವುದನ್ನು ಆ ತುದಿಯಿಂದ ಶುರು ಮಾಡಬಹುದು.